ಕಾಮಾಕ್ಷಿಪಾಳ್ಯದಲ್ಲಿ ಚುಕ್ಕಿಯೇ ಇರಲಿಲ್ಲ

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಕೆಂಗೇರಿಯಲ್ಲಿ ಮೆಟ್ರೋ ಹತ್ತಿದೆ. ಆರೋಗ್ಯ ಕಚೇರಿಗೆ ರೋಗಗಳ ನಕ್ಷೆ ಮಾಡಿಕೊಡುವುದು ನನ್ನ ಕೆಲಸ. ರೋಗಿಯ ಮನೆ ಎಲ್ಲಿದೆಯೋ ಅಲ್ಲೊಂದು ಕೆಂಪು ಚುಕ್ಕಿ. ಈ ಸಲದ ಕಾಮಾಲೆಯ ಚುಕ್ಕಿಗಳು ಚೆಲ್ಲಾಪಿಲ್ಲಿಯಾಗಿದ್ದವು. ಲೆಕ್ಕ ಹಾಕಿ, 'ರೋಗ ಎಲ್ಲೂ ಗುಂಪುಗೂಡಿಲ್ಲ' ಎಂದು ವರದಿ ಬರೆದವಳೂ ನಾನೇ. ಸಾಹೇಬರಿಗೆ ಖುಷಿಯೋ ಖುಷಿ. ನನಗೆ ಮಾತ್ರ ಸಮಾಧಾನವಿರಲಿಲ್ಲ. ಒಂದೆರಡು ಮನೆಯನ್ನಾದರೂ ಕಣ್ಣಾರೆ ನೋಡೋಣವೆಂದು ಹೊರಟಿದ್ದೆ.

ಬಾಪೂಜಿ ನಗರದ ರತ್ನಮ್ಮನ ಮನೆಯಲ್ಲಿ ನೀರು ಕುದಿಸಿ, ಸೋಸಿ, ಮುಚ್ಚಿಟ್ಟಿದ್ದರು. "ಮನೇಲಿ ಬೇರೆ ಯಾರಿಗೂ ಇಲ್ಲ ಮೇಡಂ, ನನಗೊಬ್ಬಳಿಗೇ ಬಂದಿರೋದು," ಎಂದರು. ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಅವರು ಟೈಲರ್. ಕಾಫಿ ಕೊಟ್ಟರು, ಕುಡಿದು ಎದ್ದೆ.

ಹೊಸಹಳ್ಳಿ ತಲುಪಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಅಲ್ಲಿ ಮಂಜುಳಾ ಎಂಬ ಹುಡುಗಿ ಮಲಗಿದ್ದಳು, ಕಣ್ಣೆಲ್ಲ ಅರಿಸಿನ. ತಾಯಿ ಕಿರುನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕಲಸುತ್ತಿದ್ದರು. ಕೆಲಸ ಎಲ್ಲಿ ಎಂದು ಮಂಜುಳಾಳನ್ನು ಕೇಳಿದೆ. ಅದೇ ಗಾರ್ಮೆಂಟ್ಸ್!

"ನಮ್ಮ ಹೊಲಿಗೆ ಲೈನಲ್ಲೇ ಆರು ಜನಕ್ಕೆ ಬಂದಿದೆ. ನಿಮಗೆ ಗೊತ್ತಿಲ್ವಾ ಮೇಡಂ?"

ಗೊತ್ತಿರಲಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಹಗಲೆಲ್ಲ ಒಂದೇ ನಲ್ಲಿಯ ನೀರು ಕುಡಿದವರನ್ನು, ಅವರು ಮಲಗುವ ಮನೆಮನೆಗೆ ಹಂಚಿ ಚುಕ್ಕಿ ಇಟ್ಟಿದ್ದೆ. ಕಾಮಾಕ್ಷಿಪಾಳ್ಯದಲ್ಲಿ ಒಂದು ಚುಕ್ಕಿಯೂ ಇರಲಿಲ್ಲ.

ಕಾಮಾಕ್ಷಿಪಾಳ್ಯಕ್ಕೆ ಆಟೋದವನು ನೂರಿಪ್ಪತ್ತು ಕೇಳಿದ. ಚೌಕಾಸಿ ಮಾಡುವ ವ್ಯವಧಾನ ನನಗಿರಲಿಲ್ಲ. ಗೇಟಿನಲ್ಲಿ ಆರೋಗ್ಯ ಕಚೇರಿಯ ಕಾರ್ಡ್ ತೋರಿಸಿ ಒಳಗೆ ಹೋದೆ. ಗಾರ್ಮೆಂಟ್ಸ್‌ನ ಹಿಂಬದಿಯಲ್ಲಿ ನಲ್ಲಿಗೆ ನೀರು ಹೋಗುವ ಸಂಪು, ಅದರ ಮುಚ್ಚಳ ಒಡೆದಿತ್ತು. ಪಕ್ಕದ ಚರಂಡಿ ಉಕ್ಕಿ ಅದರೊಳಗೇ ಇಳಿಯುತ್ತಿತ್ತು. ಥೂ! ಸೂಪರ್‌ವೈಸರ್ ನಗುತ್ತ ಬಂದ. "ಈ ಏರಿಯಾದಲ್ಲಿ ಕಾಮಾಲೆನೇ ಇಲ್ಲ ಅಂತ ನಿಮ್ಮೋರೇ ಬರೆದಿದಾರಲ್ಲ ಮೇಡಂ?"

ಮೈಯೆಲ್ಲ ಉರಿದುಹೋಯಿತು. ನಲ್ಲಿ ಬಂದ್ ಮಾಡಿಸಿ, ಟ್ಯಾಂಕರ್ ಕಳಿಸಿ ಎಂದು ಸಾಹೇಬರಿಗೆ ಫೋನ್ ಮಾಡಿದೆ.

"ಫಾರಂನಲ್ಲಿ ಇರೋದು ಮನೆ ವಿಳಾಸ ಅಷ್ಟೇ ಕಣಮ್ಮ. ಕೆಲಸದ ಜಾಗಕ್ಕೆ ಕಾಲಮ್ಮೇ ಇಲ್ಲ, ಯಾವ ದಾಖಲೆ ಮೇಲೆ ಬಂದ್ ಮಾಡಿಸಲಿ? ಸೋಮವಾರ ನೋಡೋಣ ಬಿಡು."

ಸೋಮವಾರದವರೆಗೆ ಇವರೇನು ಗಾಳಿ ಕುಡಿಯಬೇಕೇ?

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಹೆಂಗಸರು ಬಾಟಲಿ ಹಿಡಿದು ನಲ್ಲಿಗೆ ಬಂದರು. ಮುಂದಿದ್ದ ಹುಡುಗಿ ತುಂಬಿಸಿದ ಬಾಟಲಿ ಕಿತ್ತುಕೊಂಡು ನೀರು ಚೆಲ್ಲಿಬಿಟ್ಟೆ. ಅವಳು ಬೆಚ್ಚಿದಳು.

"ಯಾಕೆ ಚೆಲ್ಲಿದ್ರಿ ಆಂಟಿ? ನಾನು ಹೊಸಬಳು. ಅಕ್ಕನಿಗೆ ಕಾಮಾಲೆ, ಅವಳ ಜಾಗ ಹೋಗಬಾರದು ಅಂತ ಹೊಸಹಳ್ಳಿಯಿಂದ ಬರ್ತಾ ಇದೀನಿ. ಈಗ ಹಿಡೀದಿದ್ರೆ ಸಂಜೆವರೆಗೂ ನೀರಿಗೆ ಬಿಡಲ್ಲ."

ಮಂಜುಳಾಳ ತಂಗಿ! ನನ್ನ ನೀರಿನ ಬಾಟಲಿ ಅವಳ ಕೈಗಿಟ್ಟು, ಯಾರೂ ಈ ನೀರು ಕುಡಿಯಬೇಡಿ ಎಂದು ಕೂಗಿದೆ. ಸೂಪರ್‌ವೈಸರ್ ನನ್ನನ್ನು ಗೇಟಿನ ಆಚೆಗೆ ಕಳಿಸಿದ. ತಿರುಗಿ ನೋಡಿದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಸರದಿಯಲ್ಲಿ ಮುಂದಿನವಳು ನಲ್ಲಿ ತಿರುಗಿಸಿ ಬಾಟಲಿ ಹಿಡಿದಳು.