ಅವ್ವನಿಗೊಂದು ಸೋಮವಾರ

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ವಾರದ ಕೆಲಸ ಬರೆದಿಡುವುದು ನನ್ನ ಅಭ್ಯಾಸ. ಆಗಿನ್ನೂ ಅತ್ತೆ ಇದ್ದರು. ಅವರಿಗೆ ಓದು ಬರುತ್ತಿರಲಿಲ್ಲ, ಒಂದು ದಿನ ಬರೆದದ್ದನ್ನು ಓದಿ ಹೇಳು ಅಂದರು. ಮಂಗಳವಾರ, ಶುಕ್ರವಾರ ಮನೆ ಸಾರಿಸಿ ಪೂಜೆ, ಬುಧವಾರ ಸಂಘದ ಸಭೆ, ಶನಿವಾರ ಆಂಜನೇಯನ ಗುಡಿ. ಉಳಿದ ದಿನ ಮಕ್ಕಳು, ಹಸು, ಹೊಗೆಸೊಪ್ಪಿನ ಹೊಲ.

"ಎಲ್ಲಾ ಸರಿ ಕಣವ್ವ, ಇದ್ರಲ್ಲಿ ನಿಮ್ಮವ್ವ ಎಲ್ಲವ್ಳೆ?" ಅಂದರು.

ತವರೂರು ಮಿರ್ಲೆಯಲ್ಲಿ ನನ್ನವ್ವ ಮಂಡಿನೋವಿನಿಂದ ಕೂತಲ್ಲೇ ಆಗಿದ್ದಳು. ನಾನು ಹೋಗಿ ನಾಲ್ಕು ತಿಂಗಳಾಗಿತ್ತು. ಬಿಡುವೆಲ್ಲಿದೆ ಅಂದೆ.

"ಸೋಮ್ವಾರ ಎತ್ತಿಗೇ ನಾವು ನೊಗ ಕಟ್ಟಾಕಿಲ್ಲ. ನೀನೇನು ಎತ್ತಿಗಿಂತ ಕಡೆಯಾ? ಓಗಿ ಬಾ. ಮುದ್ದೆ ನಾನು ತಿರುವ್ತೀನಿ, ಗಂಟಾದ್ರೆ ನಿನ್ ಗಂಡ ಉಣ್ಲಿ ಬುಡು."

ಆಮೇಲೆ ಎರಡು ವರ್ಷ, ಅವ್ವ ತೀರಿಕೊಳ್ಳುವವರೆಗೂ, ಸೋಮವಾರ ನಾನು ಬರೀ ಮಗಳು. ದೇವರು ಕೊಟ್ಟದ್ದನ್ನು ನೆನೆಯುವಾಗ ಆ ದಿನಗಳನ್ನೇ ಮೊದಲು ನೆನೆಯುತ್ತೇನೆ. ಹುಣಸೂರಿನಲ್ಲಿ ಬಸ್ಸು ಹತ್ತಿ ಮಿರ್ಲೆ ಸೇರುವಷ್ಟರಲ್ಲಿ ಹನ್ನೊಂದಾಗುತ್ತಿತ್ತು. ಅವ್ವ ಎಣ್ಣೆ ಬಟ್ಟಲು ಪಕ್ಕದಲ್ಲಿಟ್ಟುಕೊಂಡು, ತಲೆ ಬಾಚದೆ ಜಗಲಿಯ ಮೇಲೆ ಕೂತಿರುತ್ತಿದ್ದಳು. ನೋವು ಮಂಡಿಯಲ್ಲಿತ್ತು, ಕೈ ಚೆನ್ನಾಗಿಯೇ ಆಡುತ್ತಿತ್ತು. ನಾನು ಬಂದು ಬಾಚಲಿ ಅಂತ ಹಾಗೇ ಬಿಟ್ಟಿರುತ್ತಿದ್ದಳು.