ಕೆರೆಯೊಂದು, ಪಾಲು ಹನ್ನೆರಡು

ಖಾನಾಪುರದ ಆಚೆ ಅಂಬಿಗರ ಒಂದು ಓಣಿಯಿತ್ತು. ಹನ್ನೆರಡು ಮನೆಗೆ ಒಂದೇ ಕೆರೆ. ಸಾವಿರದ ಒಂಬೈನೂರ ಇಪ್ಪತ್ತಾರರ ಸುಮಾರಿನ ಮಾತಿದು. ಕೆರೆ ಎಂದಮೇಲೆ ಮೀನು ತಾನಾಗಿ ಬರುತ್ತದೆಂದು ತಿಳಿದಿದ್ದರೆ ಬಿಡಿ, ಆ ಸುಖ ಯಾರಿಗೂ ಇರಲಿಲ್ಲ. ಬೇಸಿಗೆಗೆ ಅದು ತಳ ಕಾಣುತ್ತಿತ್ತು. ಮುಂಗಾರಿನ ಮೊದಲ ನೀರು ಬಂದಾಗ ಒಂದು ಹರದಾರಿ ನಡೆದು ಮಲಪ್ರಭೆಗೆ ಹೋಗಬೇಕು. ದಂಡೆಯಂಚಿನ ನೀರಲ್ಲಿ ಹಳೇ ಸೀರೆ ಹಾಸಿ ಅಕ್ಕಿಕಾಳಿನಷ್ಟು ಮೀನಮರಿ ಹಿಡಿದು, ಗಡಿಗೆಯಲ್ಲಿ ಹೊತ್ತು ತಂದು ಕೆರೆಗೆ ಬಿಡಬೇಕು. ಮನೆಗೊಂದು ಗಡಿಗೆ. ತಂದ ಮನೆಗೆ ಮುಂದಿನ ಬೇಸಿಗೆ ಸಮಪಾಲು, ತರದ ಮನೆಗೆ ಬರಿಗೈ. ಆ ಪಾಲೇ ಒಣಗಿ ಮಳೆಗಾಲ ದಾಟಿಸುತ್ತಿತ್ತು, ಮರಾಠರ ಮನೆಯಲ್ಲಿ ಕೊಟ್ಟರೆ ಅಕ್ಕಿಯಾಗುತ್ತಿತ್ತು. ಉಳಿದರೆ ರೈಲು ಹತ್ತಿ ಬೆಳಗಾವಿಗೆ ಹೋಗುತ್ತಿತ್ತು.

ಆ ವರ್ಷ ಬೇಸಿಗೆಯ ಬಲೆ ಎಳೆದ ಹದಿನೈದು ದಿನಕ್ಕೆ ಓಣಿಯ ದುಂಡಪ್ಪ ಜ್ವರದಿಂದ ತೀರಿಕೊಂಡ. ಹೆಂಡತಿ ಕಾಡವ್ವ, ಇಬ್ಬರು ಹೆಣ್ಣುಮಕ್ಕಳು ಉಳಿದರು. ಗಡಿಗೆ ಹೊರುವವರು ಯಾರು? ಓಣಿಯವರು ಕೇಳುವ ಮೊದಲೇ ಕಾಡವ್ವ ತಾನೇ ಹೊರುತ್ತೇನೆಂದಳು.

ಅವಳು ಬೆಳಗಾವಿಯ ಶಹಾಪುರದಲ್ಲಿ ಬೆಳೆದವಳು. ಅವಳ ತಾಯಿ ಸಾವುಕಾರರ ರೇಷ್ಮೆ ಸೀರೆ ತೊಳೆಯುತ್ತಿದ್ದಳು. ಮಗಳಿಗೂ ತೊಳೆಯುವುದೆಂದರೆ ಪ್ರಾಣ. ಪಾತ್ರೆಯಲ್ಲಿ ಮುಖ ಕಾಣದಿದ್ದರೆ ಅವಳಿಗೆ ಊಟ ಸೇರದು. ಗಂಡನ ಗಡಿಗೆಯ ಒಳಗೆ ಬೆರಳುದಪ್ಪ ಪಾಚಿ ಕಟ್ಟಿತ್ತು. ಹತ್ತು ವರ್ಷ ಅದನ್ನು ಕಂಡು ಮೂಗು ಮುರಿದಿದ್ದಳು. ಮುಟ್ಟಹೋದರೆ ದುಂಡಪ್ಪ ನಕ್ಕು ಕಸಿದುಕೊಳ್ಳುತ್ತಿದ್ದ, ಕಾರಣ ಹೇಳುತ್ತಿರಲಿಲ್ಲ. ಪುಣ್ಯಾತ್ಮ, ಒಂದು ಮಾತು ಹೇಳಬಾರದಿತ್ತೇ!

ಹೊಳೆಗೆ ಹೋಗುವ ಹಿಂದಿನ ದಿನ ಅಂಟವಾಳಕಾಯಿ ನೆನೆಹಾಕಿ, ನೊರೆ ಬರಿಸಿ, ಗಡಿಗೆಯನ್ನು ಒಳಗೂ ಹೊರಗೂ ತಿಕ್ಕಿದಳು. ಅವನ ಗಡಿಗೆ ನಾಲ್ಕು ಜನರ ಕಣ್ಣಿಗೆ ಚೆಂದ ಕಾಣಲಿ ಎಂಬ ಆಸೆ. ತಿಕ್ಕುತ್ತಾ ಅತ್ತಳು ಕೂಡ.

ಮರುದಿನ ಮುಂಜಾನೆ ಎಲ್ಲರಿಗಿಂತ ಹೆಚ್ಚು ಮರಿ ಅವಳಿಗೇ ಸಿಕ್ಕಿತು. ದಾರಿಯುದ್ದಕ್ಕೂ ಗರತಿಯ ಹಾಗೆ ನೆಟ್ಟಗೆ ನಡೆದಳು. ಕೆರೆಯ ಏರಿಯ ಮೇಲೆ ಗಡಿಗೆ ಇಳಿಸಿ ನೋಡಿದರೆ ಮರಿಗಳೆಲ್ಲ ಬೆಳ್ಳಗೆ ಮೇಲೆ ತೇಲುತ್ತಿದ್ದವು.

ಓಣಿಯ ಹಿರಿಯ ಸಿದರಾಯ ಬಂದು ನೀರಿಗೆ ಕೈಹಾಕಿ ಮೂಸಿದ.

“ಯಾತರಿಂದ ತೊಳದೀ ಯವ್ವಾ ಇದನ್ನ?”

“ಅಂಟವಾಳದಿಂದ, ಮಾಮಾ.”

“ಮೀನಿಗೆ ಅದು ವಿಷ ಐತಿ. ಮಣ್ಣಿನ ಗಡಿಗಿ, ಕುಡದಬಿಟ್ಟೈತಿ.” ಕೈ ಒರೆಸಿಕೊಂಡು ಅಂದ, “ಸತ್ತ ಮರಿಗೆ ಪಾಲಿಲ್ಲ. ಹೊತ್ತು ಇನ್ನೂ ಐತಿ.”

ತನ್ನ ಮರಿ ಕೆರೆಗೆ ಬಿಟ್ಟು ಖಾಲಿಯಾದ ಗಡಿಗೆಯನ್ನು ಅವಳ ಕಡೆ ಸರಿಸಿದ. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತೆಂದು ಕಾಡವ್ವನಿಗೆ ಅನಿಸಿತು.

ನೀರು ಕೂಡ ಕುಡಿಯದೆ ಹೊಳೆಗೆ ಹಿಂದಿರುಗಿದಳು. ಅಷ್ಟರಲ್ಲಿ ಹೊಳೆ ಏರಿ ಕೆಂಪಾಗಿತ್ತು. ಸೊಂಟಮಟ್ಟದ ನೀರಲ್ಲಿ ನಿಂತು ಸೀರೆ ಎಳೆದೆಳೆದು ಹಿಡಿದರೂ ಸಿಕ್ಕದ್ದು ಒಂದು ಬೊಗಸೆಗೂ ಕಡಿಮೆ. ಅದನ್ನೇ ಹೊತ್ತು, ಮರಿಗೆ ಉಸಿರು ಸಿಗಲೆಂದು ಗಡಿಗೆಯಲ್ಲಿ ಕೈ ಆಡಿಸುತ್ತ ನಡೆದಳು. ಕೆರೆ ಮುಟ್ಟಿದಾಗ ಸಂಜೆಯ ದನ ಮನೆಗೆ ಬರುತ್ತಿದ್ದವು. ಸಿದರಾಯ ಏರಿಯ ಮೇಲೆಯೇ ಕುಳಿತಿದ್ದ. ಬಗ್ಗಿ ನೋಡಿದ. ಮರಿಗಳು ಆಡುತ್ತಿದ್ದವು. ಎಷ್ಟಿವೆ ಎಂದು ಕೇಳುವ ರೂಢಿ ಆ ಓಣಿಯಲ್ಲಿರಲಿಲ್ಲ.

ಮುಂದಿನ ಬೇಸಿಗೆ ಬಲೆ ಎಳೆದರು. ಎಂಥ ಮೀನಪ್ಪಾ ಅವು! ಒಂದೊಂದೂ ಮೊಳದುದ್ದ. ಏರಿಯ ಮೇಲೆ ಹನ್ನೆರಡು ಗುಡ್ಡೆ ಬಿದ್ದವು. ಯಜಮಾನನ ಹೆಸರು ಹಿಡಿದು ಸಿದರಾಯ ಒಂದೊಂದೇ ಪಾಲು ಕೂಗಿದ. ಒಬ್ಬೊಬ್ಬರೇ ಎದ್ದು ಬುಟ್ಟಿ ತುಂಬಿಕೊಂಡು ಹೋದರು. ಕಾಡವ್ವ ಮಕ್ಕಳನ್ನು ಬಾಜೂಕ ಕೂಡಿಸಿಕೊಂಡು ಕಾದಳು. ಕೊನೆಗೆ ಒಂದೇ ಗುಡ್ಡೆ ಉಳಿಯಿತು.

“ಕಾಡವ್ವನ ಮನಿ,” ಎಂದು ಸಿದರಾಯ ಕೂಗಿದ.

ಅವಳು ಏಳಲಿಲ್ಲ. ಎರಡನೆಯ ಸಲ ಕೂಗಿದ, ಮೂರನೆಯ ಸಲವೂ ಕೂಗಿದ. ದೊಡ್ಡ ಮಗಳು ಅವಳ ಮೊಳಕೈ ಜಗ್ಗಿ, “ಯವ್ವಾ, ನಮ್ಮನ್ನ ಕರ್ಯಾಕತ್ತಾರ,” ಅಂದಳು.

ಅಲ್ಲಿಯತನಕ ಕಾಡವ್ವ ದುಂಡಪ್ಪನ ಹೆಸರಿಗೆ ಕಾಯುತ್ತಿದ್ದಳು.