ತೊಕ್ಕೊಟ್ಟಿನ ಮಗುವಿನ ಎಡಗೈ

ನನಗೆ ಆಗ ಮೂವತ್ತಾರು ವರ್ಷ. ಅದಾಗಿ ನಲವತ್ತೆರಡು ವರ್ಷ ಕಳೆಯಿತು. ಓದಿದ್ದು ನಾಲ್ಕನೇ ಕ್ಲಾಸು. ಮಂಗಳೂರಿನ ಒಂದು ಮಕ್ಕಳ ಕೇಂದ್ರಕ್ಕೆ ನೆಲ ಒರೆಸಲು ಸೇರಿದ ನನ್ನನ್ನು ಅಲ್ಲಿನ ಥೆರಪಿಸ್ಟ್ ಮೇಡಂ ಆರು ತಿಂಗಳು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದರು. ಆಕ್ಯುಪೇಷನಲ್ ಥೆರಪಿ ಎಂದರೆ ದೊಡ್ಡ ಮಾತು. ಕೈ ಸರಿಯಿಲ್ಲದ ಮಗುವಿಗೆ ಉಣ್ಣಲು, ಅಂಗಿ ಹಾಕಲು, ಆಡಲು ಕಲಿಸುವುದು, ಅಷ್ಟೇ. ಕೇಂದ್ರಕ್ಕೆ ಬರಲಾಗದವರ ಮನೆಗೆ ನಾನು ಬಸ್ಸಿನಲ್ಲಿ ಹೋಗುತ್ತಿದ್ದೆ.

ತೊಕ್ಕೊಟ್ಟಿನಲ್ಲಿ ಇಳಿದು ಕಡಲ ಕಡೆಗೆ ನಡೆದರೆ ಸುಧಾಕರನ ಮನೆ. ಸುಧಾಕರನೆಂದರೆ ಎರಡೂವರೆ ವರ್ಷದ ಮಗು. ಹುಟ್ಟಿನಿಂದ ಬಲಗೈಗೆ ಶಕ್ತಿಯಿಲ್ಲ, ಮುಷ್ಟಿ ಬಿಡುತ್ತಿರಲಿಲ್ಲ. ಎಡಗೈ ಚುರುಕು, ಎಲ್ಲದಕ್ಕೂ ಅದೇ. ಅಪ್ಪ ದೋಣಿಗೆ ಹೋಗುವವನು. ತಾಯಿ ಗಿರಿಜ ಬೆಳಗಾಗುವ ಮೊದಲೇ ಮೀನು ಮಾರಲು ಹೊರಟರೆ ಬರುವುದು ಸಂಜೆ. ಮಗುವನ್ನು ನೋಡುವವಳು ಅಪ್ಪನ ತಾಯಿ. ಆ ಅಜ್ಜಿ ದಿನವಿಡೀ ಬಲೆ ಹೆಣೆಯುತ್ತಿದ್ದಳು.

"ಮಗುವಿನ ಜೊತೆ ಆಟ ಆಡ್ಲಿಕ್ಕೆ ನಿನಗೆ ಸಂಬಳ ಬೇರೆ ಉಂಟಾ ಮಾರಾಯ್ತಿ?" ಎಂದು ಮೊದಲ ದಿನವೇ ಕೇಳಿದಳು.

"ನೀವೂ ಆಡಿ ಅಜ್ಜಿ. ಬೇಡ ಅಂದದ್ದು ಯಾರು?"

ಮೇಡಂ ಹೇಳಿಕೊಟ್ಟ ಉಪಾಯವೆಂದರೆ, ದಿನಕ್ಕೆ ಅರ್ಧ ಗಂಟೆ ಒಳ್ಳೆಯ ಕೈಯನ್ನು ಚೀಲದೊಳಗೆ ಹಾಕಿ ಕಟ್ಟುವುದು. ಬೇರೆ ದಾರಿಯಿಲ್ಲದೆ ಮಗು ಇನ್ನೊಂದು ಕೈಯನ್ನು ಚಾಚುತ್ತದೆ. ಹಳೆಯ ಲಂಗದ ಬಟ್ಟೆಯಲ್ಲಿ ಚೀಲ ಹೊಲಿದು, ಲಾಡಿ ಹಾಕಿ ಕೊಟ್ಟೆ. ಮೀನಿಲ್ಲದೆ ಗಿರಿಜ ಮನೆಯಲ್ಲೇ ಇದ್ದ ದಿನ, ಅರ್ಧ ಗಂಟೆ ಎಂದು ಅವಳಿಗೆ ಹೇಳಿದ್ದೆ. ಅಜ್ಜಿಗೆ ನಾನು ಹೇಳಲಿಲ್ಲ. ಆ ಮನೆಯಲ್ಲಿ ಗಡಿಯಾರವೂ ಇರಲಿಲ್ಲ.

ಮುಂದಿನ ವಾರ ಹೋದಾಗ ಅಜ್ಜಿ ದೂರಿದಳು. "ಇವ ಹಲ್ಲಿನಲ್ಲಿ ಲಾಡಿ ಎಳೆದು ಬಿಚ್ತಾನೆ. ಆಗದಿದ್ರೆ ಒಂದೇ ಬೊಬ್ಬೆ. ನನಗೆ ಮನಸ್ಸು ತಡೆಯುದಿಲ್ಲ, ಬಿಚ್ಚಿ ಬಿಡ್ತೇನೆ."

ನನಗೆ ಸಿಟ್ಟು ಬಂತು. ಮಧ್ಯಾಹ್ನದೊಳಗೆ ಇನ್ನೆರಡು ಮನೆಗೆ ಹೋಗಲಿಕ್ಕಿತ್ತು. "ಬಿಚ್ಚಲಿಕ್ಕಾಗದ ಹಾಗೆ ಕಟ್ಟಿ ಅಜ್ಜಿ. ಎಷ್ಟು ಅತ್ತರೂ ಬಿಚ್ಚಬೇಡಿ. ನಿಮ್ಮ ಮುದ್ದಿನಿಂದಲೇ ಅವ ಹಾಳಾಗುದು."

ಅಜ್ಜಿ ನಾನು ಹೇಳಿದ ಹಾಗೆಯೇ ಮಾಡಿದಳು. ಮಾರನೆಯ ದಿನ ಬೆಳಿಗ್ಗೆ ಚೀಲದ ಬಾಯಿಗೆ ಬಲೆಯ ನೈಲಾನ್ ನೂಲು ಸುತ್ತಿ, ಬಲೆಗೆ ಹಾಕುವ ಗಂಟನ್ನೇ ಹಾಕಿದಳು. ಎಳೆದಷ್ಟೂ ಬಿಗಿಯುವ ಗಂಟು ಅದು. ಮಗು ಎಳೆಯಿತು, ಅತ್ತಿತು. ಅಜ್ಜಿ ಬಿಚ್ಚಲಿಲ್ಲ. ಮಧ್ಯಾಹ್ನದ ಮೇಲೆ ಅಳು ನಿಂತಾಗ ಬುದ್ಧಿ ಬಂತೆಂದುಕೊಂಡಳು. ಕೈ ಚೀಲದೊಳಗಿತ್ತು, ಕಾಣುತ್ತಿರಲಿಲ್ಲ. ಸಂಜೆ ಗಿರಿಜ ಬಂದು ಮೀನು ಕೊಯ್ಯುವ ಕತ್ತಿಯಿಂದ ನೂಲು ಕತ್ತರಿಸಿದಾಗ ಬೆರಳುಗಳು ಕಪ್ಪಾಗಿದ್ದವು.

ಆಸ್ಪತ್ರೆಯಲ್ಲಿ ಎರಡು ವಾರ ಕಾದು ನೋಡಿ ನಾಲ್ಕು ಬೆರಳು ತೆಗೆದರು. ಹೆಬ್ಬೆರಳು ಉಳಿಯಿತು.

ಆ ದಿನ ಮೇಡಂ ವಾರ್ಡಿನ ಹೊರಗೆ ಎಲ್ಲರ ಎದುರು ಕೇಳಿದರು, "ಅಷ್ಟು ಹೊತ್ತು ಕಟ್ಟಿಡ್ಲಿಕ್ಕೆ ಹೇಳಿದ್ದು ಯಾರು?"

ಅಜ್ಜಿ ನನ್ನನ್ನು ತೋರಿಸಿದಳು. "ಇವಳೇ. ಅತ್ತರೂ ಬಿಚ್ಚಬೇಡಿ ಅಂದ್ಲು."

"ನಾನು ಹೇಳಿದ್ದು ಅರ್ಧ ಗಂಟೆ" ಎಂದೆ.

ಗಿರಿಜ ಹೌದೆಂದು ತಲೆಯಾಡಿಸಿದಳು. ಅವಳಿಗೆ ಹಾಗೆಯೇ ಹೇಳಿದ್ದೆನಲ್ಲ. ಅವಳ ಗಂಡ ತನ್ನ ತಾಯಿಯ ಕಡೆ ತಿರುಗಿ, "ಕಡಿಯಬೇಕಾದ್ದು ನಿನ್ನ ಕೈ" ಎಂದ. ಅರ್ಧ ಗಂಟೆಯ ಮಾತನ್ನು ಅಜ್ಜಿಗೆ ಹೇಳಿರಲಿಲ್ಲವೆಂದು ನಾನು ಒಪ್ಪಿಕೊಳ್ಳಲಿಲ್ಲ.

ಕೆಲಸ ನನಗೆ ಕಲಿಸಿದ್ದು ಇಷ್ಟು: ಮಾತು ಬಾರದ ಮಗು ಅತ್ತರೆ ಮೊದಲು ಬಿಚ್ಚಿ ನೋಡಬೇಕು, ಬುದ್ಧಿ ಹೇಳುವುದು ಆಮೇಲೆ. ನನ್ನ ನಂತರ ಬಂದ ಹುಡುಗಿಯರಿಗೆಲ್ಲ ಇದನ್ನು ಗದರಿಸಿ ಕಲಿಸಿದ್ದೇನೆ. ಎಲ್ಲಿ ಕಲಿತದ್ದೆಂದು ಹೇಳಿರಲಿಲ್ಲ.

ಬೆರಳು ತೆಗೆದ ಮರುದಿನ ಬೆಳಿಗ್ಗೆ ಕೇಂದ್ರಕ್ಕೆ ಹೋದೆ. ಮೇಡಂ ಮನೆಗಳ ಪಟ್ಟಿ ಬರೆಯುತ್ತಿದ್ದರು. ಸುಧಾಕರನಿಗೆ ಇನ್ನು ಆ ಬಲಗೈಯೇ ಗತಿ, ಆಸ್ಪತ್ರೆಯಿಂದ ಬಂದ ಮೇಲೆ ದಿನಾ ಹೋಗಬೇಕು ಎಂದರು.

"ತೊಕ್ಕೊಟ್ಟು ಬೇರೆ ಯಾರಿಗಾದ್ರೂ ಕೊಡಿ ಮೇಡಂ. ನನಗೆ ವಾಮಂಜೂರು ಕೊಡಿ" ಎಂದೆ.

ಕೊಟ್ಟರು. ಒಂಬತ್ತು ಗಂಟೆಯ ಬಸ್ಸಿಗೆ ವಾಮಂಜೂರಿಗೆ ಹೊರಟೆ.